ಏಳನೇ ಕ್ಲಾಸ್ ಮಗಳಿಗೆ ಪಾರ್ಟ್ಸ್ ಆಫ್ ಸ್ಪೀಚ್ ತಲೆಗೆ ಹತ್ತುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ಅಡಿಕೆ ತೋಟದವಳು (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮೀಡಿಯಂ, ಏಳನೇ ಕ್ಲಾಸು. ಲೆಕ್ಕ, ವಿಜ್ಞಾನ ಎಲ್ಲ ಚೆನ್ನಾಗೇ ಮಾಡುತ್ತಾಳೆ. ಇಂಗ್ಲಿಷ್ ಗ್ರಾಮರ್ ಅಂದರೆ ಮಾತ್ರ ಮುಖ ಸಪ್ಪೆ. ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್. ಎಂಟೂ ಹೆಸರು ಒಂದೇ ಉಸಿರಿಗೆ ಹೇಳುತ್ತಾಳೆ. ಡೆಫಿನಿಷನ್ ಕೂಡ ಬಾಯಿಪಾಠ. ಆದರೆ ಒಂದು ವಾಕ್ಯ ಕೊಟ್ಟು ಇದರಲ್ಲಿ ವರ್ಬ್ ಯಾವುದು ಅಂತ ಕೇಳಿದರೆ ನನ್ನ ಮುಖ ನೋಡುತ್ತಾಳೆ.

ವರ್ಕ್‌ಬುಕ್ಕಿನಲ್ಲಿ 'ವಾಟರ್ ದ ಪ್ಲಾಂಟ್ಸ್' ಅಂತ ಇತ್ತು. ವಾಟರ್ ನೌನ್ ಅಂತ ಬರೆದಳು, ತಪ್ಪು ಬಿತ್ತು. 'ನೀರು ವಸ್ತು ಅಲ್ವಾ ಅಮ್ಮ? ವಸ್ತುವಿನ ಹೆಸರು ನೌನ್ ಅಂತ ತಾನೇ ಹೇಳಿಕೊಟ್ಟಿದ್ದು?' ಅಂತ ನನಗೇ ಕೇಳುತ್ತಾಳೆ. ನಾನು ಓದಿದ್ದು ಪಿಯುಸಿ, ಅದೂ ಕನ್ನಡದಲ್ಲೇ. ಟ್ಯೂಷನ್‌ಗೆ ಕಳಿಸೋಣ ಅಂದರೆ ಸಂಜೆ ಮೇಲೆ ನಮ್ಮ ಕಡೆಗೆ ಬಸ್ಸಿಲ್ಲ.

ಮನೆಯಲ್ಲೇ ಹೇಳಿಕೊಡಬೇಕು ಅಂದರೆ ಈ ಎಂಟರಲ್ಲಿ ಯಾವುದರಿಂದ ಶುರು ಮಾಡಬೇಕು? ಇನ್ನೊಂದು, ಈ ಹೆಸರುಗಳೆಲ್ಲ ನಿಜಕ್ಕೂ ಬೇಕಾ, ಅಥವಾ ಸುಮ್ನೆ ಕಥೆ ಪುಸ್ತಕ ಓದಿಸಿದರೆ ತಾನಾಗೇ ಬರುತ್ತದಾ?

ಗಾಂಧಿ ಬಜಾರ್ ಹುಡುಗ

ಅಕ್ಕ, ಎರಡನೇ ಪ್ರಶ್ನೆಗೆ ಉತ್ತರ: ಬೇಡವೇ ಬೇಡ. ಗ್ರಾಮರ್ ಪುಸ್ತಕ ಅಟ್ಟಕ್ಕೆ ಹಾಕಿ. ಮಾತಾಡಿಸಿ.

ಸಾಗರದ ಮೇಷ್ಟ್ರು

ಮಗಳು ಕೇಳಿದ್ದು ಸರಿಯಾಗೇ ಇದೆ ತಾಯಿ. ತಪ್ಪಿರುವುದು ಅವಳಿಗೆ ಕೊಟ್ಟ ಡೆಫಿನಿಷನ್‌ನಲ್ಲಿ. 'ವಸ್ತುವಿನ ಹೆಸರು ನೌನ್' ಅಂತ ಹೇಳಿಬಿಟ್ಟರೆ ಮಕ್ಕಳು ವಾಕ್ಯ ನೋಡುವುದೇ ಇಲ್ಲ. ಪದದ ಅರ್ಥ ನೋಡುತ್ತಾರೆ, ಅಲ್ಲೇ ಮುಗಿಸುತ್ತಾರೆ. ಪಾರ್ಟ್ಸ್ ಆಫ್ ಸ್ಪೀಚ್ ಅನ್ನುವುದು ಪದ ಆ ವಾಕ್ಯದಲ್ಲಿ ಮಾಡುತ್ತಿರುವ ಕೆಲಸ. ನಿಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಬೆಳಿಗ್ಗೆ ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವಾಗ ಅವನು ಕೊನೆಗಾರ. ಅವನೇ ರಾತ್ರಿ ಕತ್ತಿ ಮೆಟ್ಟಿಕೊಂಡು ಅಡಿಕೆ ಸುಲಿಯಲು ಕೂತರೆ ಆಗ ಸುಲಿಯುವವರ ಲೆಕ್ಕಕ್ಕೆ ಸೇರುತ್ತಾನೆ. ಆಳು ಒಬ್ಬನೇ. ವಾಟರ್ ಕೂಡ ಹಾಗೆ. 'ಡ್ರಿಂಕ್ ದ ವಾಟರ್' ಅಂದಾಗ ನೌನು. 'ವಾಟರ್ ದ ಪ್ಲಾಂಟ್ಸ್' ಅಂದಾಗ ನೀರು ಹಾಕು ಅನ್ನುವ ವರ್ಬು.

ಶುರು ಮಾಡುವುದು ವರ್ಬಿನಿಂದ. ಎಲ್ಲ ಪುಸ್ತಕದಲ್ಲೂ ನೌನ್ ಮೊದಲು ಇರುತ್ತದೆ, ಹಾಗಾಗಿ ಎಲ್ಲರೂ ನೌನಿನಿಂದ ಶುರು ಮಾಡುತ್ತಾರೆ. ನಾನು ಕ್ಲಾಸಿನಲ್ಲಿ ಉಲ್ಟಾ ಮಾಡುತ್ತಿದ್ದೆ. ವರ್ಬ್ ಸಿಕ್ಕಿದರೆ ಅರ್ಧ ಕೆಲಸ ಆಯಿತು. ಅದಕ್ಕೆ 'ಯಾರು', 'ಏನನ್ನು' ಅಂತ ಕೇಳಿದರೆ ನೌನ್, ಪ್ರೊನೌನ್ ತಾವಾಗೇ ಹೊರಗೆ ಬರುತ್ತವೆ.

ವರ್ಬ್ ಹುಡುಕಲು ಡೆಫಿನಿಷನ್ ಬೇಡ. ವಾಕ್ಯಕ್ಕೆ 'ಯೆಸ್ಟರ್‌ಡೇ' ಸೇರಿಸಿ ಓದಿಸಿ. ಯಾವ ಪದದ ರೂಪ ಬದಲಾಗುತ್ತದೋ ಅದು ವರ್ಬ್. ಶೀ ವಾಕ್ಸ್ ಟು ಸ್ಕೂಲ್. ಯೆಸ್ಟರ್‌ಡೇ ಶೀ ವಾಕ್ಡ್ ಟು ಸ್ಕೂಲ್. ಬದಲಾಗಿದ್ದು ಒಂದೇ ಪದ.

ಹೊಸನಗರ ಮಳೆ

ಮೇಷ್ಟ್ರೇ, 'ಪುಟ್', 'ಕಟ್', 'ಹಿಟ್' ಎಂತ ಮಾಡುವುದು? ಅವು ನಿನ್ನೆಯೂ ಹಾಗೇ, ಇವತ್ತೂ ಹಾಗೇ.

ಸಾಗರದ ಮೇಷ್ಟ್ರು

ಅದಕ್ಕೆ ಇನ್ನೊಂದು ಪರೀಕ್ಷೆ ಇದೆ ಮಾರಾಯ್ರೆ. ಮುಂದೆ 'ಹೀ' ಹಾಕಿ. ಐ ಪುಟ್, ಹೀ ಪುಟ್ಸ್. ಎಸ್ ಅಂಟಿತಾ, ಅದು ವರ್ಬು. ಒಂದೇ ಪರೀಕ್ಷೆ ಎಲ್ಲದಕ್ಕೂ ಆಗುವುದಿಲ್ಲ. ಎರಡು ಮೂರು ಕೈಯಲ್ಲಿರಬೇಕು.

ಹೊಸನಗರ ಮಳೆ

'ಕ್ಯಾನ್', 'ಮಸ್ಟ್'ಗೆ ಎಸ್ ಅಂಟಲ್ಲ 😄

ಸಾಗರದ ಮೇಷ್ಟ್ರು

ಅವು ಮೋಡಲ್ಸ್. ಇನ್ನೊಂದು ವರ್ಬಿಗಿಂತ ಮೊದಲು ಬಂದು ಸಹಾಯಕ್ಕೆ ನಿಲ್ಲುವವು. ಏಳನೇ ಕ್ಲಾಸಿಗೆ ಕ್ಯಾನ್, ಕುಡ್, ವಿಲ್, ವುಡ್, ಶ್ಯಲ್, ಶುಡ್, ಮೇ, ಮೈಟ್, ಮಸ್ಟ್ ಅಂತ ಪಟ್ಟಿ ಗೊತ್ತಿದ್ದರೆ ಸಾಕು. ನೀವು ಹಿಂದಿನ ಜನ್ಮದಲ್ಲಿ ವಕೀಲರಾಗಿದ್ದಿರಬೇಕು.

ಬೆಂಗಳೂರಲ್ಲಿರೋ ಮಲೆನಾಡಿಗ

ನಾನು ಓದಿದ್ದು ಸೊರಬದ ಹತ್ತಿರದ ಹಳ್ಳಿ ಶಾಲೆಯಲ್ಲಿ. ಈಗ ದಿನಾ ಕಾಲ್‌ನಲ್ಲಿ ಇಂಗ್ಲಿಷೇ. ನನಗೆ ಉಪಯೋಗಕ್ಕೆ ಬಂದ ಒಂದು ಉಪಾಯ ಹೇಳುತ್ತೇನೆ ಅಕ್ಕ. ಕನ್ನಡದಲ್ಲಿ ಕೊನೆಗೆ 'ಆಗಿ' ಬಂದರೆ ಇಂಗ್ಲಿಷಲ್ಲಿ ಅಡ್ವರ್ಬ್, ಎಲ್ ವೈ ಹಾಕುವುದು. ನಿಧಾನವಾಗಿ, ಸ್ಲೋಲಿ. ಸುಂದರವಾಗಿ, ಬ್ಯೂಟಿಫುಲಿ. ಜೋರಾಗಿ, ಲೌಡ್ಲಿ. ಮಕ್ಕಳಿಗೆ ಐದು ನಿಮಿಷದಲ್ಲಿ ಅರ್ಥ ಆಗುತ್ತದೆ.

ಶಿಕಾರಿಪುರ ಕನ್ನಡ ಟೀಚರ್

ಈ ಉಪಾಯ ಅರ್ಧ ದಾರಿವರೆಗೆ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟು ಬರುತ್ತದೆ. 'ಊಟ ರುಚಿಯಾಗಿದೆ'. ಇದರಲ್ಲೂ 'ಆಗಿ' ಇದೆ. ಮಗು 'ದ ಫುಡ್ ಈಸ್ ಟೇಸ್ಟಿಲಿ' ಅಂತ ಬರೆಯುತ್ತದೆ. 'ಹುಡುಗಿ ಸುಂದರವಾಗಿದ್ದಾಳೆ' ಅಂದರೆ 'ಶೀ ಈಸ್ ಬ್ಯೂಟಿಫುಲಿ'. ನಾನು ಕಲಿಸುವುದು ಕನ್ನಡ. ಆದರೂ ಇಂಗ್ಲಿಷ್ ನೋಟ್‌ಬುಕ್‌ಗಳಲ್ಲಿ ಇಂಥದ್ದು ಬೇಕಾದಷ್ಟು ನೋಡುತ್ತೇನೆ.

ಈಸ್, ವಾಸ್, ಸೀಮ್ಸ್, ಲುಕ್ಸ್, ಸ್ಮೆಲ್ಸ್, ಟೇಸ್ಟ್ಸ್, ಫೀಲ್ಸ್. ಇವು ಆದಮೇಲೆ ಬರುವುದು ಅಡ್ಜೆಕ್ಟಿವ್. ಅದು ಸಬ್ಜೆಕ್ಟಿನ ಗುಣ ಹೇಳುತ್ತದೆ. ಕೆಲಸ ಹೇಗೆ ನಡೆಯಿತು ಅಂತ ಹೇಳಿದರೆ ಮಾತ್ರ ಅಡ್ವರ್ಬ್. 'ಶೀ ಸಿಂಗ್ಸ್ ಬ್ಯೂಟಿಫುಲಿ' ಸರಿ. 'ಶೀ ಲುಕ್ಸ್ ಬ್ಯೂಟಿಫುಲಿ' ತಪ್ಪು.

ಎಲ್ ವೈ ಇದ್ದದ್ದೆಲ್ಲ ಅಡ್ವರ್ಬೂ ಅಲ್ಲ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಅಡ್ಜೆಕ್ಟಿವ್‌ಗಳು. ಫಾಸ್ಟ್‌ಗೆ ಎಲ್ ವೈ ಇಲ್ಲದೇ ಅಡ್ವರ್ಬ್ ಆಗುತ್ತದೆ. ಹಾರ್ಡ್ ಬೇರೆ, ಹಾರ್ಡ್ಲಿ ಬೇರೆ. 'ಹೀ ವರ್ಕ್ಸ್ ಹಾರ್ಡ್ಲಿ' ಅಂತ ಬರೆದರೆ ಕಷ್ಟಪಟ್ಟು ದುಡಿಯುವವನು ಸೋಮಾರಿ ಆಗಿಬಿಡುತ್ತಾನೆ.

ಬೆಂಗಳೂರಲ್ಲಿರೋ ಮಲೆನಾಡಿಗ

ಟೀಚರ್, ಮೊದಲ ದಿನವೇ ಎಲ್ಲ ಅಪವಾದ ಹೇಳಿದರೆ ಮಗು ಪುಸ್ತಕ ಮುಚ್ಚಿ ಎದ್ದು ಹೋಗುತ್ತದೆ. ಮೊದಲು ಒಂದು ಹಿಡಿ ಸಿಗಲಿ. ಸೂಕ್ಷ್ಮ ಆಮೇಲೆ.

ಶಿಕಾರಿಪುರ ಕನ್ನಡ ಟೀಚರ್

ಆಮೇಲೆ ಯಾವಾಗ? ಎಸ್ಸೆಸ್ಸೆಲ್ಸಿ ತನಕ 'ಟೇಸ್ಟಿಲಿ' ಬರೆಯುತ್ತಾ ಬಂದವರನ್ನು ನೋಡಿದ್ದೇನೆ.

ಗಾಂಧಿ ಬಜಾರ್ ಹುಡುಗ

ಇದಕ್ಕೇ ನಾನು ಗ್ರಾಮರ್ ಬೇಡ ಅಂದಿದ್ದು. ನನ್ನ ಕಥೆ ಕೇಳಿ. ಡಿಗ್ರಿ ಆದಮೇಲೆ ಶಿವಮೊಗ್ಗದಲ್ಲೇ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಫೀಸು ಪೂರ್ತಿ ಮೊದಲೇ ಕಟ್ಟಿಸಿಕೊಂಡರು. ದಿನಾ ಬೋರ್ಡ್ ಮೇಲೆ ನೌನಿನ ವಿಧಗಳು. ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಅಬ್‌ಸ್ಟ್ರಾಕ್ಟ್. ಹೆಸರೇ ಸ್ಪೋಕನ್, ಯಾರೂ ಬಾಯಿ ಬಿಟ್ಟಿದ್ದಿಲ್ಲ. ಬಿಟ್ಟು ಬಂದೆ. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಜೋಗ ನೋಡಲು ಬಂದ ಹೊರಗಿನವರು ಸೀರೆಗೆ ಅಂತ ಬರುತ್ತಿದ್ದರು. ಅವರ ಹತ್ತಿರ ತಪ್ಪೋ ಸರಿಯೋ ಮಾತಾಡಿ ಮಾತಾಡಿ ಕಲಿತೆ. ಇವತ್ತಿಗೂ ನಾನು ಹೇಳುವ ಪದ ಅಡ್ವರ್ಬಾ ಅಡ್ಜೆಕ್ಟಿವಾ ಗೊತ್ತಿಲ್ಲ. ಸೀರೆ ಮಾರಾಟ ಆಗುತ್ತದೆ.

ಕೊಟ್ಟೆಕಡುಬು

ಅಣ್ಣ, ರೇಷ್ಮೆ ಸೀರೆ ಕಲೆಕ್ಟಿವ್ ನೌನಾ ಮೆಟೀರಿಯಲ್ ನೌನಾ?

ಗಾಂಧಿ ಬಜಾರ್ ಹುಡುಗ

ಅದು ಕಾಸ್ಟ್ಲಿ ನೌನು.

ಸಾಗರದ ಮೇಷ್ಟ್ರು

ಹುಡುಗ, ನೀನು ಕಲಿತ ರೀತಿ ಬಗ್ಗೆ ತಕರಾರಿಲ್ಲ. ದೊಡ್ಡವನಾಗಿ, ಬಾಯಿ ಬಿಡಲೇಬೇಕಾದ ಕೆಲಸದಲ್ಲಿ ಕಲಿತೆ. ಈ ಮಗುವಿನ ಮನೆಗೆ ಸೀರೆ ಕೊಳ್ಳುವವರು ಬರುವುದಿಲ್ಲ. ಅವಳಿಗೆ ಸಿಗುವ ಇಂಗ್ಲಿಷು ಪುಸ್ತಕದ್ದು, ಡಿಕ್ಷನರಿಯದ್ದು. ಡಿಕ್ಷನರಿ ತೆಗೆದರೆ ಪ್ರತಿ ಪದದ ಪಕ್ಕ ಎನ್, ವಿ, ಎಡಿಜೆ ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಹತ್ತು ಅರ್ಥದಲ್ಲಿ ಯಾವುದನ್ನು ಆರಿಸುತ್ತಾಳೆ?

ಉಚ್ಚಾರಕ್ಕೂ ಬೇಕು. ರೆಕಾರ್ಡ್ ಅನ್ನುವ ಪದ ನೌನಾದರೆ ಒತ್ತು ಮೊದಲ ಭಾಗದ ಮೇಲೆ, ವರ್ಬಾದರೆ ಎರಡನೇ ಭಾಗದ ಮೇಲೆ. ಪ್ರೆಸೆಂಟ್, ಆಬ್ಜೆಕ್ಟ್, ಪ್ರೊಡ್ಯೂಸ್ ಎಲ್ಲ ಹಾಗೇ. ಅಡ್ವೈಸ್ ಪದಕ್ಕೆ ನೌನಾದರೆ ಸ್ಪೆಲ್ಲಿಂಗಿನಲ್ಲಿ ಸಿ, ವರ್ಬಾದರೆ ಎಸ್. ಆ ಎಸ್‌ಗೆ ಮತ್ತೆ ಝಡ್ ಸದ್ದು. ಅಡ್ವೈಸ್ ನೌನಿಗೆ ಬಹುವಚನವೂ ಇಲ್ಲ. 'ಅಡ್ವೈಸಸ್' ಅಂತ ಎಷ್ಟು ಆಮಂತ್ರಣ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಕೇಳಿಲ್ಲ ನಾವು?

ನೌನಿಗೆ ಐದು ವಿಧ, ಅದಕ್ಕೆ ಐದು ಡೆಫಿನಿಷನ್ ಅಂತ ಉರು ಹೊಡೆಸುವುದು ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಎಣಿಸಬಹುದಾ, ಎಣಿಸಲಾಗದಾ, ಅದೊಂದು ಗೊತ್ತಿದ್ದರೆ ಸಾಕು.

ಅಡಿಕೆ ತೋಟದವಳು (ತೀರ್ಥಹಳ್ಳಿ)

ಎಲ್ಲರಿಗೂ ಥ್ಯಾಂಕ್ಸ್. ಯೆಸ್ಟರ್‌ಡೇ ಉಪಾಯ ನಿನ್ನೆ ರಾತ್ರಿ ಮಾಡಿಸಿದೆ, ವರ್ಬ್ ಹುಡುಕುವುದು ಆಟದ ಹಾಗೆ ಆಯಿತು. ವಾಟರ್ ದ ಪ್ಲಾಂಟ್ಸ್‌ನಲ್ಲಿ 'ಯಾರು' ಅಂತ ಕೇಳಿದರೆ ಯಾರೂ ಇಲ್ಲವಲ್ಲ ಅಂದಳು. ಅದಕ್ಕೆ ಎಂತ ಹೇಳಲಿ?

ಇನ್ನು ಅವಳಿಗೆ ಜಾಸ್ತಿ ಕಷ್ಟ ಆಗುತ್ತಿರುವುದು ಪ್ರಿಪೊಸಿಷನ್. ಇನ್, ಆನ್, ಅಟ್ ಮೂರೂ ಕನ್ನಡದಲ್ಲಿ 'ಅಲ್ಲಿ'. ಯಾವುದು ಎಲ್ಲಿ?

ಸಾಗರದ ಮೇಷ್ಟ್ರು

ಅಪ್ಪಣೆ ಕೊಡುವ ವಾಕ್ಯದಲ್ಲಿ 'ಯೂ' ಅಡಗಿಕೊಂಡಿರುತ್ತದೆ. ಕನ್ನಡದಲ್ಲೂ 'ನೀರು ಹಾಕು' ಅಂದರೆ ನೀನು ಅಂತ ಬೇರೆ ಹೇಳುವುದಿಲ್ಲ ಅಲ್ವಾ?

ಶಿಕಾರಿಪುರ ಕನ್ನಡ ಟೀಚರ್

ಪ್ರಿಪೊಸಿಷನ್ ಕಷ್ಟ ಆಗುವುದಕ್ಕೆ ಕಾರಣ ಇದೆ. ಕನ್ನಡದಲ್ಲಿ ಆ ಕೆಲಸ ಮಾಡುವುದು ವಿಭಕ್ತಿ ಪ್ರತ್ಯಯ. ಪದದ ಹಿಂದೆ ಅಂಟಿಕೊಳ್ಳುತ್ತದೆ. ಮನೆಗೆ, ಮನೆಯಿಂದ, ಮನೆಯಲ್ಲಿ. 'ಮೇಲೆ', 'ಕೆಳಗೆ', 'ಒಳಗೆ' ಬೇರೆ ಪದವಾದರೂ ನಾಮಪದ ಆದಮೇಲೇ ಬರುತ್ತವೆ. ಮೇಜಿನ ಮೇಲೆ. ಇಂಗ್ಲಿಷಲ್ಲಿ ಮೊದಲೇ ಬಂದು ನಿಲ್ಲುತ್ತದೆ, ಆನ್ ದ ಟೇಬಲ್. ಮಗುವಿಗೆ ವಾಕ್ಯವನ್ನು ಹಿಂದುಮುಂದು ಮಾಡಿ ಯೋಚಿಸಬೇಕಾಗುತ್ತದೆ.

ಇನ್, ಆನ್, ಅಟ್‌ಗೆ ಊರಿನ ಉದಾಹರಣೆ ಕೊಡಿ. ದೊಡ್ಡ ಜಾಗದ ಒಳಗೆ ಇನ್: ಇನ್ ಶಿವಮೊಗ್ಗ. ರಸ್ತೆ, ನದಿದಂಡೆ, ಮೇಲ್ಮೈ ಆದರೆ ಆನ್: ಆನ್ ನೆಹರು ರೋಡ್, ಆನ್ ದ ಬ್ಯಾಂಕ್ಸ್ ಆಫ್ ದ ತುಂಗಾ. ಒಂದು ಗುರುತಿನ ಜಾಗ ಆದರೆ ಅಟ್: ಅಟ್ ಗೋಪಿ ಸರ್ಕಲ್. ಸಮಯಕ್ಕೂ ಇದೇ ಕ್ರಮ. ಇನ್ ಜೂನ್, ಆನ್ ಮಂಡೇ, ಅಟ್ ಫೈವ್ ಓ ಕ್ಲಾಕ್. ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತಾ ಹೋಗುತ್ತದೆ.

ಬೆಂಗಳೂರಲ್ಲಿರೋ ಮಲೆನಾಡಿಗ

ಅಟ್ ನೈಟ್? ಇನ್ ದ ಮಾರ್ನಿಂಗ್? ರಾತ್ರಿ ಏನು ಬೆಳಿಗ್ಗೆಗಿಂತ ಚಿಕ್ಕದಾ ಟೀಚರ್? ಅಪವಾದ ಮೊದಲ ದಿನವೇ ಹೇಳಬೇಕು ಅಂದಿದ್ದು ನೀವೇ 😁

ಶಿಕಾರಿಪುರ ಕನ್ನಡ ಟೀಚರ್

ಅದು ರೂಢಿ. ಹಾಗೇ ಕಲಿಯಬೇಕು. ಲೆಕ್ಕ ಹಾಕಲು ಬರುವುದಿಲ್ಲ.

ಸೊರಬ ಸೀಮೆ

ಪ್ರಿಪೊಸಿಷನ್ ಬಿಟ್ಟು ಹೋಗುವುದಕ್ಕಿಂತ ಬೇಡದ ಕಡೆ ಸೇರಿಸುವುದೇ ಜಾಸ್ತಿ ನಮ್ಮವರಲ್ಲಿ. 'ವಿಷಯದ ಬಗ್ಗೆ ಚರ್ಚಿಸು' ಅಂತೀವಿ, ಹಾಗಾಗಿ 'ಡಿಸ್ಕಸ್ ಅಬೌಟ್'. ಡಿಸ್ಕಸ್‌ಗೆ ಅಬೌಟ್ ಬೇಡ. 'ಅಮ್ಮನಿಗೆ ಕೇಳು', ಹಾಗಾಗಿ 'ಆಸ್ಕ್ ಟು ಮದರ್'. ಟು ಬೇಡ. 'ಮನೆಗೆ ಹೋಗು', ಹಾಗಾಗಿ 'ಗೋ ಟು ಹೋಮ್'. ಅಲ್ಲಿ ಹೋಮ್ ಅಡ್ವರ್ಬ್ ಆಗಿಬಿಟ್ಟಿದೆ, ಟು ಸೇರುವುದಿಲ್ಲ. ಸ್ಕೂಲ್ ನೌನೇ, ಅದಕ್ಕೆ ಗೋ ಟು ಸ್ಕೂಲ್. ಪಾರ್ಟ್ಸ್ ಆಫ್ ಸ್ಪೀಚ್ ಗೊತ್ತಿದ್ದರೆ ಇಂಥ ಕಡೆ ಕಾರಣ ಕಾಣುತ್ತದೆ. ಇಲ್ಲದಿದ್ದರೆ ಬರೀ 'ಹಾಗೆ ಹೇಳಬಾರದು' ಅಷ್ಟೇ.

ಇನ್ನೊಂದು ಇದೆ. ಒಂದೇ ಮಾತು ಎರಡು ಭಾಷೆಯಲ್ಲಿ ಬೇರೆ ಬೇರೆ ಜಾತಿಯ ಪದದಿಂದ ಆಗುತ್ತದೆ. 'ನನಗೆ ಹಸಿವು.' ಹಸಿವು ನಾಮಪದ. 'ಐ ಆಮ್ ಹಂಗ್ರಿ', ಹಂಗ್ರಿ ಅಡ್ಜೆಕ್ಟಿವ್. 'ನನಗೆ ಬೇಕು' ಅಂದರೆ ಐ ವಾಂಟ್, ವಾಂಟ್ ಪಕ್ಕಾ ವರ್ಬ್. ಕನ್ನಡ ವ್ಯಾಕರಣದಲ್ಲಿ 'ಬೇಕು' ಕ್ರಿಯಾಪದ ಅಲ್ಲ ಅಂತ ಶಾಲೆಯಲ್ಲಿ ಓದಿದ ನೆನಪು. ಟೀಚರ್ ಹೇಳಬೇಕು.

ಶಿಕಾರಿಪುರ ಕನ್ನಡ ಟೀಚರ್

ಹೌದು. ಬೇಕು, ಬೇಡ, ಉಂಟು, ಅಲ್ಲ, ಸಾಕು ಇವೆಲ್ಲ ನಮ್ಮ ಶಾಲಾ ವ್ಯಾಕರಣದಲ್ಲಿ ಕ್ರಿಯಾರ್ಥಕಾವ್ಯಯ. ಕ್ರಿಯೆಯ ಅರ್ಥ ಕೊಡುತ್ತವೆ, ಆದರೆ ಕ್ರಿಯಾಪದದ ಹಾಗೆ ರೂಪ ಬದಲಿಸುವುದಿಲ್ಲ. ಅವನಿಗೂ ಬೇಕು, ಅವಳಿಗೂ ಬೇಕು, ಅವರಿಗೂ ಬೇಕು. ನೋಡಿ, ಇಲ್ಲೂ ಅರ್ಥಕ್ಕಿಂತ ನಡವಳಿಕೆ ನೋಡಿಯೇ ಗುಂಪು ಮಾಡಿದ್ದಾರೆ. ಮೇಷ್ಟ್ರು ಹೇಳಿದ್ದು ಅದನ್ನೇ.

ಭದ್ರಾವತಿ ಪೇಪರ್‌ಟೌನ್

ಎಲ್ಲರೂ ಎಂಟು ಎಂಟು ಅಂತಿದ್ದೀರಲ್ಲ, ಆ ಎಂಟು ಇಂಗ್ಲಿಷಿಗೆ ಅಂತ ಹುಟ್ಟಿದ್ದೇ ಅಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಒಂದು ಗ್ರೀಕ್ ವ್ಯಾಕರಣ ಇದೆ. ಅದರಲ್ಲಿ ಎಂಟು. ಆದರೆ ಬೇರೆ ಎಂಟು. ನೌನ್, ವರ್ಬ್, ಪಾರ್ಟಿಸಿಪಲ್ (ವರ್ಬಿನಿಂದ ಹುಟ್ಟಿ ಅಡ್ಜೆಕ್ಟಿವ್ ಕೆಲಸ ಮಾಡುವ ಪದ), ಆರ್ಟಿಕಲ್ ('ದ' ತರದ್ದು), ಪ್ರೊನೌನ್, ಪ್ರಿಪೊಸಿಷನ್, ಅಡ್ವರ್ಬ್, ಕಂಜಂಕ್ಷನ್. ಅಡ್ಜೆಕ್ಟಿವ್ ಇಲ್ಲ! ಅದು ನೌನಿನ ಒಳಗೇ ಸೇರಿತ್ತು. ಆಮೇಲೆ ರೋಮನ್ನರು ಅದನ್ನೇ ಲ್ಯಾಟಿನ್‌ಗೆ ತಂದರು. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇಲ್ಲ. ಒಂದು ಕಡಿಮೆ ಆಯಿತು. ಇಂಟರ್‌ಜೆಕ್ಷನ್ ಸೇರಿಸಿ ಮತ್ತೆ ಎಂಟು ಮಾಡಿದರು. ಇಂಗ್ಲಿಷಿನವರು ಲ್ಯಾಟಿನ್ ನೋಡಿ ಬರೆದುಕೊಂಡರು, ಅಡ್ಜೆಕ್ಟಿವ್ ಬೇರೆ ಮಾಡಿದರು, ಪಾರ್ಟಿಸಿಪಲ್ ತೆಗೆದರು. ಸಂಸ್ಕೃತದಲ್ಲಿ 'ನಿರುಕ್ತ' ಬರೆದ ನಮ್ಮ ಯಾಸ್ಕ ನಾಲ್ಕೇ ಅಂದ: ನಾಮ, ಆಖ್ಯಾತ, ಉಪಸರ್ಗ, ನಿಪಾತ. ಹೊಸ ಇಂಗ್ಲಿಷ್ ಪುಸ್ತಕಗಳಲ್ಲಿ ಡಿಟರ್‌ಮಿನರ್ (ಎ, ದ, ಮೈ ತರದವು) ಸೇರಿ ಒಂಬತ್ತೂ ಇದೆ.

ಹಾಗಾಗಿ ಎಂಟು ಅನ್ನುವುದನ್ನು ವೇದವಾಕ್ಯ ಅಂತ ಹಿಡಿದುಕೊಳ್ಳಬೇಡಿ.

ಕೊಟ್ಟೆಕಡುಬು

'ಅಯ್ಯೋ' ಅನ್ನುವುದಕ್ಕೆ ಒಂದು ಖಾತೆ ಕೊಡಲು ರೋಮನ್ನರೇ ಬರಬೇಕಾಯ್ತಾ 🤣

ಶಿಕಾರಿಪುರ ಕನ್ನಡ ಟೀಚರ್

ಪೇಪರ್‌ಟೌನ್ ಅವರೇ, ಗ್ರೀಕರದ್ದು ಓದಿ ನಗು ಬಂತು. ಕನ್ನಡ ಶಾಲಾ ವ್ಯಾಕರಣದಲ್ಲೂ ಗುಣವಾಚಕ ನಾಮಪದದ ಒಂದು ವಿಧವೇ. ದೊಡ್ಡ, ಚಿಕ್ಕ, ಕೆಂಪು ಎಲ್ಲ ಅಲ್ಲೇ. ಸರ್ವನಾಮವೂ ಅಲ್ಲೇ. ಹಾಗಾಗಿ ಅಡ್ಜೆಕ್ಟಿವ್ ಯಾಕೆ ಬೇರೆ ಅಂತ ಕನ್ನಡದ ಮಗು ಕೇಳಿದರೆ ಅದು ಪೆದ್ದು ಪ್ರಶ್ನೆ ಅಲ್ಲ. 'ಅಯ್ಯೋ'ಗೆ ನಮ್ಮಲ್ಲಿ ಭಾವಸೂಚಕಾವ್ಯಯ ಅಂತ ಖಾತೆ ಇದೆ ಕಡುಬಿನವರೇ.

ಹೊಸನಗರ ಮಳೆ

ನನ್ನದೊಂದು ಡೌಟು. ಪ್ರೊನೌನ್ ಅಂದರೆ ನೌನಿನ ಬದಲು ಬರುವ ಪದ ಅಲ್ವಾ? 'ಇಟ್ ಈಸ್ ರೈನಿಂಗ್ ಇನ್ ಆಗುಂಬೆ.' ಇಲ್ಲಿ 'ಇಟ್' ಯಾರ ಬದಲು ಬಂತು? ಮಳೆಯ ಬದಲಾ? ಆಕಾಶದ ಬದಲಾ?

ಸಾಗರದ ಮೇಷ್ಟ್ರು

ಯಾರ ಬದಲೂ ಅಲ್ಲ. ಇಂಗ್ಲಿಷ್ ವಾಕ್ಯಕ್ಕೆ ಸಬ್ಜೆಕ್ಟ್ ಜಾಗ ಖಾಲಿ ಬಿಡಲು ಆಗುವುದಿಲ್ಲ. ಅಪ್ಪಣೆ ವಾಕ್ಯ ಒಂದು ಬಿಟ್ಟು. ಅದಕ್ಕೇ ಸುಮ್ನೆ ಒಂದು 'ಇಟ್' ತಂದು ಕೂರಿಸುತ್ತಾರೆ. 'ಇಟ್ ಈಸ್ ಫೈವ್ ಓ ಕ್ಲಾಕ್', 'ಇಟ್ ಈಸ್ ಕೋಲ್ಡ್' ಎಲ್ಲ ಹಾಗೇ. ಡಮ್ಮಿ ಪ್ರೊನೌನ್ ಅನ್ನುತ್ತಾರೆ. ಕನ್ನಡದಲ್ಲಿ ಮಳೆಯೇ ಸಬ್ಜೆಕ್ಟು, ಅದೇ ಬರುತ್ತದೆ, ಅದೇ ಹೋಗುತ್ತದೆ. ನಮ್ಮ ಮಕ್ಕಳು 'ರೈನ್ ಈಸ್ ಕಮಿಂಗ್' ಅನ್ನುವುದು ಅದಕ್ಕೇ.

ಸೊರಬ ಸೀಮೆ

ಆಗುಂಬೆ ಯಾಕೆ, ಹುಲಿಕಲ್ ಅನ್ನಿ. ಈಗೀಗ ಆಗುಂಬೆಗಿಂತ ಹುಲಿಕಲ್‌ನಲ್ಲಿ ಜಾಸ್ತಿ ಬೀಳುವ ವರ್ಷಗಳಿವೆ.

ಹೊಸನಗರ ಮಳೆ

ನಮ್ಮ ತಾಲ್ಲೂಕಿನದ್ದೇ ಹುಲಿಕಲ್. ಆದರೂ ಹೆಸರು ಆಗುಂಬೆಗೇ. ಏನು ಮಾಡುವುದು.

ಕೊಟ್ಟೆಕಡುಬು

ಮಳೆ ಅಂದಮೇಲೆ ಕಳಲೆ ಪಲ್ಯ ನೆನಪಾಯ್ತು. ಕಳಲೆ ಈ ಸಲ ಯಾರಿಗಾದರೂ ಸಿಕ್ಕಿತಾ?

ಮಾಡರೇಟರ್

ಮಳೆ, ಕಳಲೆಗೆ ಬೇರೆ ವಿಭಾಗ ಇದೆ. ಇಲ್ಲಿ ಗ್ರಾಮರ್ ಮಾತ್ರ.

ಬೆಂಗಳೂರಲ್ಲಿರೋ ಮಲೆನಾಡಿಗ

ಸರಿ, ಗ್ರಾಮರೇ ಕೇಳುತ್ತೇನೆ. 'ಅರೆಕನಟ್ ಗಾರ್ಡನ್'. ಅರೆಕನಟ್ ಇಲ್ಲಿ ಅಡ್ಜೆಕ್ಟಿವ್ ತಾನೇ? ಎಂಥ ತೋಟ, ಅಡಿಕೆ ತೋಟ. ಗಾರ್ಡನ್ ಹೇಗಿದೆ ಅಂತ ಹೇಳುತ್ತಿದೆ.

ಸೊರಬ ಸೀಮೆ

ಹೌದು, ನೌನಿನ ಬಗ್ಗೆ ಹೇಳಿದರೆ ಅಡ್ಜೆಕ್ಟಿವ್. ನಮಗೆ ಹಾಗೇ ಕಲಿಸಿದ್ದು.

ಭದ್ರಾವತಿ ಪೇಪರ್‌ಟೌನ್

ಅಲ್ಲ. ಅದು ನೌನೇ, ಇನ್ನೊಂದು ನೌನಿನ ಮುಂದೆ ಕೂತಿದೆ. ಪರೀಕ್ಷೆ ಮಾಡಿ. 'ಬ್ಯೂಟಿಫುಲ್ ಗಾರ್ಡನ್'ಗೆ ವೆರಿ ಸೇರಿಸಬಹುದು, ವೆರಿ ಬ್ಯೂಟಿಫುಲ್ ಗಾರ್ಡನ್. 'ವೆರಿ ಅರೆಕನಟ್ ಗಾರ್ಡನ್' ಅಂತ ಯಾರಾದರೂ ಹೇಳುತ್ತಾರಾ? 'ದ ಗಾರ್ಡನ್ ಈಸ್ ಬ್ಯೂಟಿಫುಲ್' ಸರಿ. 'ದ ಗಾರ್ಡನ್ ಈಸ್ ಅರೆಕನಟ್'? ಇಲ್ಲ.

ಬೆಂಗಳೂರಲ್ಲಿರೋ ಮಲೆನಾಡಿಗ

'ಡೆಡ್'ಗೂ ವೆರಿ ಸೇರಲ್ಲ. 'ವೆರಿ ಡೆಡ್' ಅಂತ ಇದೆಯಾ? ಹಾಗಾದರೆ ಡೆಡ್ ಅಡ್ಜೆಕ್ಟಿವ್ ಅಲ್ವಾ?

ಭದ್ರಾವತಿ ಪೇಪರ್‌ಟೌನ್

ಅದು ಎರಡನೇ ಪರೀಕ್ಷೆಯಲ್ಲಿ ಪಾಸಾಗುತ್ತದೆ. 'ದ ಟ್ರೀ ಈಸ್ ಡೆಡ್.' ಅರೆಕನಟ್ ಎರಡರಲ್ಲೂ ಫೇಲು.

ಸಾಗರದ ಮೇಷ್ಟ್ರು

ಹಳೆ ಪುಸ್ತಕಗಳಲ್ಲಿ ಇದನ್ನು ಅಡ್ಜೆಕ್ಟಿವ್ ತರ ಬಳಸಿದ ನೌನ್ ಅಂತ ಬರೆದಿರುತ್ತಾರೆ. ಜಗಳ ಹಳೇದು. ಕನ್ನಡದಲ್ಲಿ 'ಅಡಿಕೆ ತೋಟ' ಸಮಾಸ ಅಂತ ಕೈ ತೊಳೆದುಕೊಳ್ಳುತ್ತೇವೆ. ನನ್ನ ಓಟು ಪೇಪರ್‌ಟೌನ್ ಅವರಿಗೆ.

ಅಡಿಕೆ ತೋಟದವಳು (ತೀರ್ಥಹಳ್ಳಿ)

ನಮ್ಮ ತೋಟ ಹಿಡಿದು ಇಷ್ಟು ಜಗಳ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ 😀

'ಮೈ ಬುಕ್'ನಲ್ಲಿ ಮೈ ಯಾವುದು? ಶಾಲೆಯ ನೋಟ್ಸಿನಲ್ಲಿ ಪ್ರೊನೌನ್ ಅಂತ ಇದೆ, ಅಣ್ಣನ ಮಗನ ಹಳೆ ಗೈಡಿನಲ್ಲಿ ಅಡ್ಜೆಕ್ಟಿವ್ ಅಂತ ಇದೆ.

ಭದ್ರಾವತಿ ಪೇಪರ್‌ಟೌನ್

ಇನ್ನು ಕೆಲವು ಪುಸ್ತಕದಲ್ಲಿ ಡಿಟರ್‌ಮಿನರ್ ಅಂತಲೂ ಸಿಗುತ್ತದೆ. ಎ, ಆನ್, ದ, ದಿಸ್, ದಟ್, ಮೈ, ಯುವರ್, ಸಮ್, ಎವ್ರಿ. ಇವೆಲ್ಲ ನೌನಿನ ಮುಂದೆ ಒಂದೇ ಬಾಗಿಲಲ್ಲಿ ನಿಲ್ಲುವವು. 'ದ ಮೈ ಬುಕ್' ಅಂತ ಎರಡನ್ನು ಒಟ್ಟಿಗೆ ಹಾಕಲು ಬರುವುದಿಲ್ಲ. ಅಡ್ಜೆಕ್ಟಿವ್ ಆದರೆ ಎಷ್ಟು ಬೇಕಾದರೂ ಹಾಕಬಹುದು, 'ದ ಬಿಗ್ ರೆಡ್ ಬುಕ್'. ಅದಕ್ಕೇ ಬೇರೆ ಗುಂಪು ಮಾಡಿದ್ದು. 'ಮೈನ್' ಮಾತ್ರ ನಿಜವಾದ ಪ್ರೊನೌನ್. ದಿಸ್ ಬುಕ್ ಈಸ್ ಮೈನ್.

ಶಿಕಾರಿಪುರ ಕನ್ನಡ ಟೀಚರ್

ಪರೀಕ್ಷೆಯಲ್ಲಿ ನಿಮ್ಮ ಶಾಲೆಯ ನೋಟ್ಸಿನಲ್ಲಿ ಇದ್ದದ್ದನ್ನೇ ಬರೆಯಲಿ ಅಕ್ಕ. ಪೇಪರ್ ತಿದ್ದುವವರ ಜೊತೆ ಡಿಟರ್‌ಮಿನರ್ ವಾದ ಮಾಡಲು ಆಗುವುದಿಲ್ಲ.

ಗಾಂಧಿ ಬಜಾರ್ ಹುಡುಗ

ನೋಡಿ, ಪುಸ್ತಕ ಬರೆದವರಿಗೇ 'ಮೈ' ಎಂತದು ಅಂತ ಒಮ್ಮತ ಇಲ್ಲ. ಏಳನೇ ಕ್ಲಾಸಿನ ಮಗು ಎಂತ ಮಾಡಬೇಕು?

ಕುವೆಂಪು ಅವರೇ ಮೊದಲು ಇಂಗ್ಲಿಷಲ್ಲಿ ಪದ್ಯ ಬರೆಯುತ್ತಿದ್ದರು. ಜೇಮ್ಸ್ ಕಸಿನ್ಸ್ ಅನ್ನುವ ಐರಿಶ್ ಕವಿ ನಿಮ್ಮ ಭಾಷೆಯಲ್ಲೇ ಬರೆಯಿರಿ ಅಂದಮೇಲೆ ಕನ್ನಡಕ್ಕೆ ಬಂದರು. ತೀರ್ಥಹಳ್ಳಿಯವರಿಗೆ ಇದನ್ನು ನಾನು ಹೇಳಬೇಕಾ.

ಸೊರಬ ಸೀಮೆ

ಆ ಉದಾಹರಣೆ ನಿಮ್ಮ ವಾದಕ್ಕೇ ತಿರುಗುಬಾಣ. ಇಂಗ್ಲಿಷಲ್ಲಿ ಪದ್ಯ ಬರೆಯುವಷ್ಟು ಕಲಿತೇ ಆಮೇಲೆ ಬಿಟ್ಟಿದ್ದು. ಕಲಿಯದೇ ಬಿಟ್ಟಿದ್ದಲ್ಲ.

ಶಿಕಾರಿಪುರ ಕನ್ನಡ ಟೀಚರ್

2007-08ರಲ್ಲಿ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಅದಕ್ಕೂ ಮುಂಚೆ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು. ಈಗಿನ ಮಕ್ಕಳು ಮಾತು, ಹಾಡು ಕೇಳಿಕೊಂಡೇ ಬಂದಿರುತ್ತಾರೆ. ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಸ್ವಲ್ಪ ಗೊತ್ತಿರುತ್ತದೆ. ಅದನ್ನು ಬಳಸಿಕೊಳ್ಳಿ ಅಕ್ಕ. ಪುಸ್ತಕದ ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ಒಂದು ಪದ ತೆಗೆದು ಆ ಖಾಲಿ ಜಾಗಕ್ಕೆ ಬೇರೆ ಏನು ಕೂರುತ್ತದೆ ಅಂತ ಕೇಳಿ. 'ದ ಡ್ಯಾಶ್ ಈಸ್ ಬಿಗ್.' ಕೌ, ಹೌಸ್, ರಿವರ್ ಅಂತ ಹೇಳುತ್ತಾಳೆ. 'ಈಟ್' ಅಂತ ಹೇಳುವುದಿಲ್ಲ. ಆ ಜಾಗಕ್ಕೆ ಕೂತವೆಲ್ಲ ಒಂದೇ ಗುಂಪು ಅಂತ ಅವಳಿಗೇ ಕಾಣುತ್ತದೆ. ಹೆಸರು ಆಮೇಲೆ ಅಂಟಿಸಿ.

ಸಾಗರದ ಮೇಷ್ಟ್ರು

ಇದು ಒಳ್ಳೆ ದಾರಿ. ಡೆಫಿನಿಷನ್‌ಗಿಂತ ಎಷ್ಟೋ ಮೇಲು.

ಕಂಜಂಕ್ಷನ್‌ಗೆ ಬಂದಾಗ ಒಂದು ಕಡೆ ಎಚ್ಚರ ಇರಲಿ. 'ಮಳೆ ಬಂದರೂ ಶಾಲೆಗೆ ಹೋದಳು' ಅನ್ನುವುದರಲ್ಲಿ ಕನ್ನಡದ 'ಊ' ವರ್ಬಿಗೇ ಅಂಟಿದೆ. ಇಂಗ್ಲಿಷಿಗೆ ತರುವಾಗ 'ದೋ ಇಟ್ ರೈನ್ಡ್, ಬಟ್ ಶೀ ವೆಂಟ್' ಅಂತ ಎರಡು ಹಾಕುತ್ತಾರೆ. ದೋ ಅಥವಾ ಬಟ್, ಒಂದೇ. 'ಬಿಕಾಸ್' ಜೊತೆ 'ಸೋ' ಹಾಕುವುದೂ ಇದೇ ತಪ್ಪು.

ಅಡಿಕೆ ತೋಟದವಳು (ತೀರ್ಥಹಳ್ಳಿ)

ಖಾಲಿ ಜಾಗದ ಆಟ ಮಾಡಿಸಿದೆ. 'ದ ಡ್ಯಾಶ್ ಈಸ್ ಬಿಗ್'ಗೆ ಅವಳು 'ವೆಲ್' ಅಂದಳು. ಬಾವಿ. ಆಮೇಲೆ ಅವಳೇ, 'ಶೀ ಸಿಂಗ್ಸ್ ವೆಲ್' ಅಂತಲೂ ಇದೆಯಲ್ಲ, ಅದೂ ನೌನಾ ಅಂತ ಕೇಳಿ, ಉತ್ತರವೂ ಅವಳೇ ಹೇಳಿದಳು. ಹಾಡುವುದು ಹೇಗೆ ಅಂತ ಹೇಳುತ್ತದೆ, ಅಡ್ವರ್ಬ್ ಅಂತೆ. 'ಐ ಆಮ್ ವೆಲ್' ಬಂದಾಗ ಇಬ್ಬರೂ ನಿಂತೆವು.

ಶಿಕಾರಿಪುರ ಕನ್ನಡ ಟೀಚರ್

ಈಸ್, ಆಮ್ ಆದಮೇಲೆ ಬಂದಿದೆ, ಆರೋಗ್ಯವಾಗಿದ್ದೇನೆ ಅಂತ ಅರ್ಥ. ಅಡ್ಜೆಕ್ಟಿವ್. 'ವೆಲ್, ಲೆಟ್ ಅಸ್ ಗೋ' ಅಂದರೆ ಇಂಟರ್‌ಜೆಕ್ಷನ್. 'ಟಿಯರ್ಸ್ ವೆಲ್ಡ್ ಅಪ್ ಇನ್ ಹರ್ ಐಸ್' ಅಂದರೆ ವರ್ಬ್. ಒಂದೇ ಪದ, ಐದು ಕೆಲಸ. ಅವಳಾಗೇ ಎರಡು ಹೇಳಿದ್ದಾಳೆ ಅಂದರೆ ಚಿಂತೆ ಬೇಡ.

ಹೊಸನಗರ ಮಳೆ

'ರೌಂಡ್' ಕೊಡಿ ಅವಳಿಗೆ. ಅದೂ ಐದು ಆಗುತ್ತದೆ. ಎ ರೌಂಡ್ ಟೇಬಲ್, ದ ಫಸ್ಟ್ ರೌಂಡ್, ರೌಂಡ್ ದ ಕಾರ್ನರ್, ಟರ್ನ್ ರೌಂಡ್, ದ ಬಸ್ ರೌಂಡೆಡ್ ದ ಬೆಂಡ್. ಆಗುಂಬೆ ಘಾಟಿಯಲ್ಲಿ ಕೊನೆಯದ್ದು ದಿನಾ ಆಗುತ್ತದೆ.

ಬೆಂಗಳೂರಲ್ಲಿರೋ ಮಲೆನಾಡಿಗ

ಇದೆಲ್ಲ ಸರಿ, 'ಸ್ವಿಮ್ಮಿಂಗ್ ಇನ್ ದ ತುಂಗಾ ಈಸ್ ಡೇಂಜರಸ್'. ಸ್ವಿಮ್ಮಿಂಗ್ ವರ್ಬಾ ನೌನಾ? ಈಸ್ ಬರುವ ಮೊದಲೇ ಇದೆಯಲ್ಲ, ಸಬ್ಜೆಕ್ಟ್ ಜಾಗದಲ್ಲಿ ಕೂತಿದೆ.

ಸಾಗರದ ಮೇಷ್ಟ್ರು

ಜೆರಂಡ್ ಅಂತ. ವರ್ಬಿನಿಂದ ಹುಟ್ಟಿ ನೌನಿನ ಕೆಲಸ ಮಾಡುವುದು, ಕನ್ನಡದ 'ಈಜುವುದು' ಇದ್ದ ಹಾಗೆ. ಅದಕ್ಕೆ ಇನ್‌ಫಿನಿಟಿವ್, ಪಾರ್ಟಿಸಿಪಲ್ ಎಲ್ಲ ಸೇರಿಸಿ ಬೇರೆ ಥ್ರೆಡ್ ತೆಗೆಯಿರಿ ಮಾರಾಯ್ರೆ. ಏಳನೇ ಕ್ಲಾಸಿಗೆ ಇಷ್ಟು ಸಾಕು.

ಮಾಡರೇಟರ್

ಜೆರಂಡ್‌ಗೆ ಹೊಸ ಥ್ರೆಡ್ ತೆರೆದಿದ್ದೇನೆ. ಕಳಲೆ ಬಗ್ಗೆ ಕೇಳಿದವರು ಅಡುಗೆ ವಿಭಾಗದಲ್ಲಿ ನೋಡಿ, ಉತ್ತರ ಬಂದಿದೆ.